ಅಪ್ಪನ ರಕ್ತ, ದಸ್ತಗೀರ್ ಕಾಕಾನ ರಿಪೋರ್ಟು

ಗೆಳೆಯರೇ, ಇವತ್ತು ಗೋಕಾಕದ ಲ್ಯಾಬಿನಲ್ಲಿ ನಮ್ಮಪ್ಪ ಜಗಳ ತೆಗೆದರು. ಅವರ ಕೊಲೆಸ್ಟ್ರಾಲ್ ಮಿತಿ ಮೀರಿತ್ತು. ಮೂಡಲಗಿಯಿಂದ ಜೊತೆಗೇ ಬಂದು ರಕ್ತ ಕೊಟ್ಟಿದ್ದ ಗೆಳೆಯ ದಸ್ತಗೀರ್ ಕಾಕಾನದು ಸರಿಯಾಗಿತ್ತು.

“ರಿಪೋರ್ಟ್ ಅದಲಬದಲ ಆಗ್ಯಾವ. ನಾವು ಜೈನರು, ತತ್ತಿ ಸೈತ ಮುಟ್ಟಂಗಿಲ್ಲ. ಹೊತ್ತ ಮುಣಗೂದ್ರಾಗ ಊಟ ಮುಗಸ್ತೀವಿ. ಇವ ವಾರಕ್ಕ ಎರಡ ಸಲ ಮಟನ್ ತಿಂತಾನ.”

ಲ್ಯಾಬಿನವರು ಪಾಪ, ಇನ್ನೊಮ್ಮೆ ರಕ್ತ ತೆಗೆದು ನೋಡಿದರು. ಫಲಿತಾಂಶ ಬದಲಾಗಲಿಲ್ಲ. ಅಪ್ಪ ರಿಪೋರ್ಟು ಹಿಡಿದು ಡಾಕ್ಟರ ಮುಂದೆ ಕೂತರು.

“ತುಪ್ಪ ಎಷ್ಟ ಹಾಕೋತೀರಿ?”

“ಹೋಳಿಗಿ ಮುಣಗಬೇಕಷ್ಟ.”

“ನಿಮ್ಮ ತಂದೀಗೆ ಏನಾಗಿತ್ತು?”

ಅಪ್ಪನ ದನಿ ಇಳಿಯಿತು. “ಐವತ್ತಕ್ಕ ಹೋದ್ರು. ಎದಿ ನೋವು.”

“ತುಪ್ಪ ಬಿಡ್ರಿ. ಆದ್ರ ಬರೇ ತುಪ್ಪದ್ದಲ್ಲ, ಇದು ಮನೆತನದಾಗ ಬಂದೈತಿ. ಗುಳಗೀನೂ ಬೇಕು.”

ಕಾಕಾ ಮೆಲ್ಲಗೆ ಹೇಳಿದ, “ಆ ತುಪ್ಪದ ಡಬ್ಬಿ ನಮ್ಮನಿಗೆ ಕಳಸ್ರಿ, ಅಣ್ಣಾರ.”

ನಾನು ನಕ್ಕೆ. ಡಾಕ್ಟರು ನನ್ನತ್ತ ತಿರುಗಿದರು. “ಮಗಾ ಏನ್ರಿ? ನಾಳೆ ಖಾಲಿ ಹೊಟ್ಟೀಲೆ ಬರ್ರಿ.”

ಅಜ್ಜನ ಹೊಲ ನಾಲ್ಕು ಪಾಲಾಗಿ ನಮಗೆ ಬಂದದ್ದು ಎರಡೆಕರೆ. ಈ ಕೊಲೆಸ್ಟ್ರಾಲನ್ನು ಮಾತ್ರ ಆತ ಯಾರಿಗೂ ಕಡಿಮೆ ಮಾಡದೆ ಇಡಿಯಾಗಿ ಬಿಟ್ಟುಹೋಗಿರುವಂತಿದೆ.