ಎಂಟನೇ ನಂಬರಿನ ನಾಲ್ಕು ಫೌಲ್

ಅತ್ತೆಯ ಬಲಗೈಯ ಕಿರುಬೆರಳು ಸೊಟ್ಟಗಿತ್ತು. ಉಳಿದ ಬೆರಳುಗಳು ನೆಟ್ಟಗೆ ನಿಂತರೆ ಅದೊಂದು ಮಾತ್ರ, ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟಂತೆ, ಹೊರಗೆ ಬಾಗಿರುತ್ತಿತ್ತು. ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಬಾಸ್ಕೆಟ್‌ಬಾಲ್ ಆಡುತ್ತಿದ್ದಾಗ ಚೆಂಡು ಬಡಿದು ಮುರಿದದ್ದಂತೆ. ಕಟ್ಟು ಹಾಕಿಸಿಕೊಂಡರೆ ಮುಂದಿನ ಮ್ಯಾಚ್ ತಪ್ಪಿಹೋಗುತ್ತದೆಂದು ಯಾರಿಗೂ ಹೇಳದೆ ಆಡಿಬಿಟ್ಟರು. ಮೂಳೆ ತನಗೆ ತೋಚಿದ ಹಾಗೆ ಕೂಡಿಕೊಂಡಿತು. ಕಾಫಿ ಲೋಟ ಹಿಡಿದಾಗಲೂ ಆ ಬೆರಳು ದೂರವೇ ನಿಲ್ಲುತ್ತಿತ್ತು. "ಅದೊಂದಕ್ಕೆ ಬಿಸಿ ತಾಗಲ್ಲ ನೋಡಿ, ಪುಣ್ಯವಂತ" ಎಂದು ಅಮ್ಮ ರೇಗಿಸುತ್ತಿದ್ದರು.

ಅವರು ಅಪ್ಪನ ಅಕ್ಕ. ಆಟಗಾರರ ಕೋಟಾದಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿ ಮದ್ರಾಸಿಗೆ ಬಂದವರು ಮದುವೆಯ ಗೋಜಿಗೆ ಹೋಗದೆ ಅಲ್ಲೇ ಉಳಿದರು. ಆಮೇಲೆ ಅಪ್ಪನಿಗೂ ವಿಮಾ ಕಚೇರಿಯಿಂದ ಅದೇ ಊರಿಗೆ ವರ್ಗವಾಯಿತು. ವೆಸ್ಟ್ ಮಾಂಬಲಂನ ಪುಟ್ಟ ಫ್ಲಾಟಿನಲ್ಲಿ ಎಲ್ಲರೂ ಒಟ್ಟಿಗೆ ಇದ್ದೆವು. ಅತ್ತೆಯ ಕೋಣೆಯೇ ನನ್ನ ಕೋಣೆ.

ಈಗಲೂ ಬೆಳಗಿನ ಅರೆ ಎಚ್ಚರದಲ್ಲಿ ಆ ಕೋಣೆ ಬಂದು ಹೋಗುತ್ತದೆ. ಹಾಲ್‌ನಲ್ಲಿದ್ದ ಟೀವಿಯ ನೀಲಿ ಬೆಳಕು ಬಾಗಿಲ ಸಂದಿಯಿಂದ ನುಸುಳಿ ಗೋಡೆಯ ಮೇಲೆ ನೀರಿನ ಹಾಗೆ ಆಡುತ್ತಿರುತ್ತದೆ. ಅಮೆರಿಕದ ಮ್ಯಾಚುಗಳು ಬರುತ್ತಿದ್ದದ್ದು ನಮಗೆ ಬೆಳಗಾಗುವ ಹೊತ್ತಿಗೆ. ಅಪ್ಪನ ನಿದ್ದೆ ಕೆಡಬಾರದೆಂದು ಅತ್ತೆ ದನಿಯನ್ನು ಪೂರ್ತಿ ತಗ್ಗಿಸಿಬಿಡುತ್ತಿದ್ದರು. ಬಾಗಿಲ ಸಂದಿಯಲ್ಲಿ ಎತ್ತರದ ಆಳುಗಳು ಸದ್ದೇ ಇಲ್ಲದೆ ಓಡುವರು, ನೆಗೆದವರು ಕೆಳಗಿಳಿಯುವುದನ್ನು ಮರೆತವರಂತೆ ಗಾಳಿಯಲ್ಲಿ ನಿಲ್ಲುವರು. ಅಡುಗೆಮನೆಯಲ್ಲಿ ಡಿಕಾಕ್ಷನ್ ತೊಟ್ಟಿಕ್ಕುವುದು, ಸ್ಟೇಷನ್ ಕಡೆಯಿಂದ ಮೊದಲ ಎಲೆಕ್ಟ್ರಿಕ್ ಟ್ರೇನು ಹೊರಡುವುದು, ಇವೇ ಆ ಆಟದ ಸದ್ದುಗಳು. ಚೆಂಡು ರಿಂಗಿನ ಸುತ್ತ ಸುತ್ತುತ್ತಿರುವಾಗಲೇ ನನಗೆ ಮತ್ತೆ ಜೊಂಪು ಹತ್ತುತ್ತಿತ್ತು. ಅದು ಒಳಗೆ ಬಿತ್ತೋ ಹೊರಗೆ ಬಿತ್ತೋ ಎಷ್ಟೋ ಸಲ ಗೊತ್ತೇ ಆಗಲಿಲ್ಲ.

ಆಟ ಮುಗಿದರೆ ಪೇಪರು. ಅದನ್ನು ಅವರು ಹಿಂದಿನಿಂದ ಓದುತ್ತಿದ್ದರು. ಕ್ರೀಡಾ ಪುಟದಿಂದ ಹೊರಟು ಮುಖಪುಟ ಮುಟ್ಟುವಷ್ಟರಲ್ಲಿ ಇಡೀ ದೇಶವೇ ಅವರ ಕಣ್ಣಿಗೆ ಒಂದು ಕೋರ್ಟಾಗಿರುತ್ತಿತ್ತು. ಕ್ರಿಕೆಟ್ ಎಂದರೆ ತಾತ್ಸಾರ. "ಐದು ದಿನ ನಡಿಯತ್ತೆ, ಮಧ್ಯೆ ಊಟ, ಟೀ. ಅದು ಆಟ ಅಲ್ಲ ಕಣೇ, ಮದುವೆ." ಕ್ರಿಕೆಟ್ ಭಕ್ತರಾದ ಅಪ್ಪ ಕೇಳಿಸದವರಂತೆ ಗಡ್ಡ ಹೆರೆದುಕೊಳ್ಳುತ್ತಿದ್ದರು. ಪಾರ್ಲಿಮೆಂಟಿನಲ್ಲಿ ಮಾತಾಡುವವರಿಗೆ ಬಾಸ್ಕೆಟ್‌ಬಾಲಿನ ಹಾಗೆ ಮೂವತ್ತು ಸೆಕೆಂಡಿನ ಗಂಟೆ ಕಟ್ಟಬೇಕು, ಅಷ್ಟರಲ್ಲಿ ಗುರಿ ಇಡದಿದ್ದರೆ ಮೈಕು ಎದುರಿನವರಿಗೆ ಹೋಗಬೇಕು ಎಂಬುದು ಅತ್ತೆಯ ಬಹುದಿನದ ಸಲಹೆ. ದಿಲ್ಲಿಯಲ್ಲಿ ಒಂದೇ ಮತದಿಂದ ಸರ್ಕಾರ ಬಿದ್ದ ದಿನ ಮನೆಯವರೆಲ್ಲ ಆ ಒಂದು ಮತ ಯಾರದೆಂದು ಚರ್ಚಿಸುತ್ತಿದ್ದರೆ ಅತ್ತೆ ಅಂದರು, "ಮೊದಲನೇ ಹಾಫಲ್ಲಿ ಯಾರೋ ಒಂದು ಫ್ರೀ ಥ್ರೋ ಬಿಟ್ಟಿರ್ತಾರೆ. ಅದು ಯಾರಿಗೂ ನೆನಪಿರಲ್ಲ." ಕಾವೇರಿ ಗಲಾಟೆ ಜೋರಾದ ವರ್ಷ, ನೀರಿನ ಲಾರಿಯ ಕ್ಯೂನಲ್ಲಿ ಎದುರು ಮನೆಯ ಮಾಮಿ "ನಿಮ್ಮೂರವರು ನೀರು ಬಿಡಲ್ವಂತಲ್ಲ" ಎಂದು ತಮಿಳಿನಲ್ಲಿ ಕೆಣಕಿದರು. ಅತ್ತೆ ಒಂದು ಕಾಲನ್ನು ನೆಲಕ್ಕೆ ಊರಿ, ಇನ್ನೊಂದರಿಂದ ಪ್ಲಾಸ್ಟಿಕ್ ಕೊಡಗಳನ್ನು ಮುಂದೆ ತಳ್ಳುತ್ತ, ಇಬ್ಬರೂ ಟೈಮ್ ಔಟ್ ತೆಗೆದುಕೊಳ್ಳುತ್ತಲೇ ಇದ್ದಾರೆ, ಆಟ ಯಾವಾಗ ಆಡುತ್ತಾರೋ ಎಂದು ತಮಿಳಿನಲ್ಲೇ ಉತ್ತರಿಸಿದರು. ಮಾಮಿ ನಕ್ಕುಬಿಟ್ಟರು.

ಇಷ್ಟೆಲ್ಲ ಅಭಿಪ್ರಾಯಗಳ ಬುಡದಲ್ಲಿ ಒಂದೇ ಒಂದು ನಿಯಮವಿತ್ತು. ಅವರ ಕಾಲದ ಬಾಸ್ಕೆಟ್‌ಬಾಲಿನಲ್ಲಿ ಫೌಲ್ ಮಾಡಿದವಳು ತಾನೇ ಕೈ ಎತ್ತಿ ನಿಲ್ಲಬೇಕಿತ್ತು. ರೆಫರಿ ಅವಳ ನಂಬರನ್ನು ಬೆರಳಲ್ಲಿ ತೋರಿಸುತ್ತಾರೆ, ಟೇಬಲ್ಲಿನಲ್ಲಿ ಕೂತವರು ಶೀಟಿನಲ್ಲಿ ಬರೆದುಕೊಂಡು ಹೆಬ್ಬೆರಳು ಎತ್ತುತ್ತಾರೆ, ಆಮೇಲೇ ಆಟ ಮುಂದುವರಿಯುವುದು. ಐದು ಫೌಲ್ ಆದರೆ ಹೊರಗೆ. ಕ್ರಿಕೆಟ್ಟಿನ ಮ್ಯಾಚ್ ಫಿಕ್ಸಿಂಗ್ ಸುದ್ದಿ ಬಂದ ವಾರವೆಲ್ಲ ಅತ್ತೆ ಪೇಪರನ್ನು ಮೂರು ಮೂರು ಸಲ ಓದಿದರು. "ಎಷ್ಟು ಕಾಲಂ ಬರ್ದಿದಾರೆ ನೋಡೇ. ಒಬ್ಬರಾದ್ರೂ ತಾವಾಗಿ ಕೈ ಎತ್ತಿದ್ರಾ ಅಂತ ಹುಡುಕ್ತಿದೀನಿ." ಮನೆಯಲ್ಲಿ ಹಾಲು ಉಕ್ಕಿದರೂ ಇದೇ ಪ್ರಶ್ನೆ. ಸ್ಟವ್ ಮುಂದೆ ಅಮ್ಮ ಸೌಟು ಹಿಡಿದ ಕೈಯನ್ನೇ ಮೇಲೆತ್ತಿ ನಿಂತದ್ದನ್ನು ನಾನು ನೋಡಿದ್ದೇನೆ.

ಭಾನುವಾರಗಳಲ್ಲಿ ಎಗ್ಮೋರಿನ ಹತ್ತಿರದ ಸಿಮೆಂಟು ಕೋರ್ಟಿನಲ್ಲಿ ಹುಡುಗಿಯರ ಟೂರ್ನಮೆಂಟು ನಡೆಯುತ್ತಿತ್ತು. ಅದರ ಟೇಬಲ್ಲಿಗೆ ಅತ್ತೆಯೇ ಮುಖ್ಯಸ್ಥೆ. ಕತ್ತಿಗೆ ಸ್ಟಾಪ್‌ವಾಚು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು. ವಾರವಿಡೀ ಬ್ಯಾಂಕಿನಲ್ಲಿ ಬಾಗಿರುತ್ತಿದ್ದ ಬೆನ್ನು ಆ ಕುರ್ಚಿಯಲ್ಲಿ ನೆಟ್ಟಗಾಗುತ್ತಿತ್ತು. ನಾನು ಕಾಲೇಜಿಗೆ ಸೇರಿದ ವರ್ಷ ಶೀಟು ಬರೆಯಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಗಡಿಯಾರ ಅವರದು, ಪೆನ್ನು ನನ್ನದು.

ಫೈನಲ್ ದಿನ. ಒಂದು ತಂಡದ ಎಂಟನೇ ನಂಬರಿನ ಹುಡುಗಿ, ದೊಗಳೆ ಜೆರ್ಸಿ ತೊಟ್ಟ ಕಡ್ಡಿಯಂಥವಳು, ಚೆನ್ನಾಗಿ ಆಡುತ್ತಿದ್ದಳು. ಆಟದ ಮೇಲೆ ಕೆಲಸಕ್ಕೆ ಆರಿಸಿಕೊಳ್ಳಲು ಯಾವುದೋ ಕಚೇರಿಯವರು ಬಂದು ಕೂತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಸಂಜೆ ಬಿಸಿಲು ಹಳದಿಗೆ ತಿರುಗಿತ್ತು. ಕೋರ್ಟಿನ ಪಕ್ಕದ ಮಳೆಮರಕ್ಕೆ ಗಿಳಿಗಳು ಹಿಂಡು ಹಿಂಡಾಗಿ ಬಂದಿಳಿಯುತ್ತಿದ್ದವು. ಮರ ಒಮ್ಮೆ ಹಸಿರಾಗಿ ಒಮ್ಮೆ ಚಿನ್ನವಾಗಿ ಅಲುಗುತ್ತಿತ್ತು. ನಾನು ಅದನ್ನು ನೋಡುತ್ತ ಕೂತುಬಿಟ್ಟೆ. ಸೀಟಿ ಕೇಳಿ ತಿರುಗುವಷ್ಟರಲ್ಲಿ ರೆಫರಿ ಕೈ ಇಳಿಸುತ್ತಿದ್ದರು. ಐದು ಬೆರಳಿನ ಜೊತೆ ಎರಡೋ ಮೂರೋ? ಏಳೋ ಎಂಟೋ? ಅತ್ತೆ ಗಡಿಯಾರದ ಕಡೆ ಬಗ್ಗಿದ್ದರು. ಎದ್ದು ಕೇಳಿದ್ದರೆ ರೆಫರಿ ಇನ್ನೊಮ್ಮೆ ತೋರಿಸುತ್ತಿದ್ದರು. ಅಷ್ಟು ಜನರ ಮುಂದೆ ನಾಚಿಕೆಯಾಯಿತು. ಎಂಟರ ಮುಂದೆ ಬರೆದು ಹೆಬ್ಬೆರಳು ಎತ್ತಿದೆ.

ಆಟ ಮುಗಿಯಲು ಐದು ನಿಮಿಷವಿರುವಾಗ ಎಂಟನೇ ನಂಬರು ಮತ್ತೊಂದು ಫೌಲ್ ಮಾಡಿ ಕೈ ಎತ್ತಿದಳು. ಶೀಟಿನಲ್ಲಿ ಐದಾಗಿತ್ತು. ಅವಳು ಟೇಬಲ್ಲಿನ ಹತ್ತಿರ ಬಂದು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿರಲು, ಮೆಲ್ಲಗೆ "ನಾಲು ದಾನ್ ಅಕ್ಕಾ" ಎಂದಳು. ನಾಲ್ಕೇ ಅಕ್ಕಾ.

ಅತ್ತೆ ನನ್ನ ಕಡೆ ತಿರುಗಿದರು. "ಸರಿಯಾಗಿ ನೋಡು."

ನಾನು ಶೀಟು ನೋಡಿದೆ. "ಐದೇ ಅತ್ತೆ" ಅಂದೆ.

ಅತ್ತೆ ಐದರ ಫಲಕ ಎತ್ತಿದರು. ಹುಡುಗಿ ಹೊರಗೆ ಹೋಗಿ ಟವೆಲ್ ಮುಖದ ಮೇಲೆ ಹಾಕಿಕೊಂಡು ಕೂತಳು. ಅವಳ ತಂಡ ಒಂದು ಪಾಯಿಂಟಿನಿಂದ ಸೋತಿತು.

ಟ್ರೇನಿನಲ್ಲಿ ಕಿಟಕಿ ಪಕ್ಕ ಕೂತು ಚೆಟ್‌ಪೇಟೆ ದಾಟುವವರೆಗೂ ತಡೆದೆ. ನುಂಗಂಬಾಕ್ಕಂ ಬಂದಾಗ ಬಾಯಿ ಬಿಟ್ಟೆ. ಗಿಳಿಗಳ ವಿಷಯವನ್ನೂ ಹೇಳಿದೆ. ಅತ್ತೆ ಬೈಯಲಿಲ್ಲ. ಕೋಡಂಬಾಕ್ಕಂನಲ್ಲಿ "ಇಳಿ" ಅಂದರು. ಮೇಲ್ಸೇತುವೆ ಹತ್ತಿ ಇಳಿದು ಎದುರಿನ ಟ್ರೇನಿನಲ್ಲಿ ಮತ್ತೆ ಎಗ್ಮೋರಿಗೆ ಹೋದೆವು. ಆಟಗಾರರೆಲ್ಲ ಹೋಗಿಯಾಗಿತ್ತು. ಸಂಘಟಕರು ಮಡಚು ಕುರ್ಚಿಗಳನ್ನು ಎಣಿಸುತ್ತಿದ್ದರು. ಅತ್ತೆ ಅವರ ಮುಂದೆ ನಿಂತು, ಕೋರ್ಟಿನಲ್ಲಿ ನಿಂತವರಂತೆಯೇ, ಬಲಗೈಯನ್ನು ಪೂರ್ತಿ ಮೇಲೆತ್ತಿದರು. ತಪ್ಪು ಟೇಬಲ್ಲಿನದು, ಎಂಟನೇ ನಂಬರಿಗೆ ನಾಲ್ಕೇ ಫೌಲ್, ಆ ಹುಡುಗಿಗೂ ಕಚೇರಿಯವರಿಗೂ ಇದನ್ನು ತಿಳಿಸಬೇಕು ಎಂದರು. ಸಂಘಟಕರ ಮುಖ ಬಿಗಿಯಿತು. ಶೀಟಿಗೆ ಸಹಿಯಾಗಿದೆ, ಗೆದ್ದವರಿಗೆ ಕಪ್ ಕೊಟ್ಟಾಗಿದೆ, ಈಗ ಇದೆಲ್ಲ ಯಾಕೆ, "ವಿಡುಂಗ ಮೇಡಂ", ಬಿಟ್ಟುಬಿಡಿ ಎಂದರು. ಬರೆದವರು ಯಾರು ಎಂದೂ ಕೇಳಿದರು.

"ಟೇಬಲ್ ನಂದು" ಎಂದರು ಅತ್ತೆ.

ನಾನು ಅವರ ಬೆನ್ನ ಹಿಂದೆ ನಿಂತು ನೆಲದ ಬಿಳಿ ಗೆರೆ ನೋಡುತ್ತಿದ್ದೆ. ವಾಪಸು ಬರುವಾಗ ಅತ್ತೆ ಅಂದದ್ದು ಇಷ್ಟೇ: "ನಾನು ಟೇಬಲ್ಲಿನ ಹಿರಿಯಳು, ನನ್ನ ಕೈ ಎತ್ತಿದೆ. ನಿನ್ನ ಕೈ ನಿನ್ನ ಹತ್ರಾನೇ ಇದೆ."

ಮರುವರ್ಷ ಅವರಿಗೆ ಕರೆ ಬರಲಿಲ್ಲ. ಅದರ ಮರುವರ್ಷವೂ ಇಲ್ಲ. ಅತ್ತೆ ಬಿಡದೆ ಪ್ರತಿ ಭಾನುವಾರ ಹೋಗಿ, ಕಡಲೆಕಾಯಿ ಪೊಟ್ಟಣ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದರು. "ಇಲ್ಲಿಂದ ಆಟ ಚೆನ್ನಾಗಿ ಕಾಣತ್ತೆ" ಎನ್ನುತ್ತಿದ್ದರು. ಅರ್ಧ ಕೋರ್ಟಿಗೆ ಕಂಬ ಅಡ್ಡ ಇತ್ತು. ಸ್ಟಾಪ್‌ವಾಚಿಗೆ ಮಾತ್ರ ಭಾನುವಾರ ಬೆಳಗ್ಗೆ ತಪ್ಪದೆ ಕೀಲಿ ಕೊಡುತ್ತಿದ್ದರು, ಕೊಟ್ಟು ಡ್ರಾಯರಿನಲ್ಲಿ ಇಡುತ್ತಿದ್ದರು. ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನು ಎಂದೋ ಹಗುರಾಗುತ್ತಿದ್ದೆ.

ಏಳು ವರ್ಷ ಕಳೆದವು. ಅತ್ತೆಗೆ ಗಂಟಲಿನಲ್ಲಿ ಗಡ್ಡೆಯಾಯಿತು. ಆಪರೇಷನ್ ಆದ ಮೇಲೆ ದನಿ ಹೋಯಿತು. ಅಷ್ಟೆಲ್ಲ ಅಭಿಪ್ರಾಯವಿದ್ದವರು ಆಸ್ಪತ್ರೆಯ ಮಂಚದಲ್ಲಿ ಪೇಪರನ್ನು ಹಿಂದಿನಿಂದ ತಿರುವಿ, ಏನೋ ಹೇಳಲು ತುಟಿ ಅಲುಗಿಸಿ, ಸುಮ್ಮನಾಗುತ್ತಿದ್ದರು. ಅದನ್ನು ನೋಡಲಾಗದೆ ನಾನು ಎಂಟನೇ ನಂಬರಿನ ಹುಡುಗಿಯನ್ನು ಹುಡುಕಿಕೊಂಡು ಹೊರಟೆ. ನುಂಗಂಬಾಕ್ಕಂನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಕುತ್ತಿಗೆಯಲ್ಲಿ ಸೀಟಿ, ಸುತ್ತ ಚೆಂಡು ಪುಟಿಸುವ ಮಕ್ಕಳು. ನನಗೆ ಗೊತ್ತಿದ್ದ ಮುರುಕು ತಮಿಳೂ ಆ ಹೊತ್ತಿಗೆ ಕೈಕೊಟ್ಟಿತು. ಅಷ್ಟು ಮಕ್ಕಳ ನಡುವೆ ಬಲಗೈ ಮೇಲೆತ್ತಿ ನಿಂತೆ. ಆಮೇಲೆ ಹೇಳಿದೆ.

ಅವಳು ಕಾಲಿನ ಬಳಿ ಪುಟಿಯುತ್ತ ಬಂದ ಚೆಂಡನ್ನು ಹಿಡಿದು ಒಂದು ಮಗುವಿನ ಕೈಗೆ ಕೊಟ್ಟಳು. ಆ ಕೆಲಸ ಸಿಗಲಿಲ್ಲ, ಹೋಗಲಿ ಬಿಡಿ, ಇದು ಸಿಕ್ಕಿತಲ್ಲ ಎಂದಳು ತಮಿಳಿನಲ್ಲಿ. ಆಮೇಲೆ ಇನ್ನೊಂದು ಮಾತು ಹೇಳಿದಳು: "ಆ ದಿನದಿಂದ ನನ್ನ ಎಣಿಕೆಯನ್ನೇ ನಾನು ನಂಬುತ್ತಿರಲಿಲ್ಲ ಅಕ್ಕಾ. ನಾಲ್ಕೇ ಅಂತ ಈಗ ಗೊತ್ತಾಯ್ತು." ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದೆ. ಅದಾಗಿ ನಾಲ್ಕೇ ದಿನಕ್ಕೆ ಅತ್ತೆ ತೀರಿಕೊಂಡರು. ನನಗೆ ಅವರ ಕೊನೆಯ ನೆನಪೆಂದರೆ ಆ ಮಧ್ಯಾಹ್ನವೇ. ಪರದೆ ಎಳೆದಿತ್ತು, ಅದರೊಳಗಿಂದ ಬಂದ ಬೆಳಕು ಹಾಸಿಗೆಯ ಮೇಲೆಲ್ಲ ಹಳದಿಯಾಗಿ ಹರಡಿತ್ತು. ಮಂಚದ ಕಾಲ ಬಳಿ ನಿಂತು ಕೈ ಎತ್ತಿದೆ. "ಎಂಟನೇ ನಂಬರಿಗೆ ನಾಲ್ಕೇ ಅತ್ತೆ. ಬರೆದದ್ದು ನಾನು. ಅವಳಿಗೆ ಹೇಳಿ ಬಂದೆ" ಅಂದೆ.

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಹೊದಿಕೆಯೊಳಗಿಂದ ಬಲಗೈ ನಿಧಾನವಾಗಿ ಹೊರಬಂತು. ಮೂರು ಬೆರಳು ಮಡಚಿಕೊಂಡವು, ಸೊಟ್ಟ ಕಿರುಬೆರಳು ಮಡಚಲಾಗದೆ ಹೊರಗೇ ಉಳಿಯಿತು, ಹೆಬ್ಬೆರಳು ಮೇಲೆದ್ದಿತು. ನಾನು ಕೈ ಇಳಿಸುವವರೆಗೂ ಅವರು ಅದನ್ನು ಹಾಗೇ ಹಿಡಿದಿದ್ದರು.