ಭಾವನ ದೋಣಿಗೆ ನಾನು ಕೊಟ್ಟ ಬ್ಯಾಟರಿ

ಈಜು ಬಾರದ ಮನುಷ್ಯ ಹಾಯಿದೋಣಿ ಕೊಂಡರೆ ಅವನನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ನಾನಂತೂ ಭಾವ ಎಂದು ಕರೆಯುತ್ತೇನೆ. ಅಕ್ಕನನ್ನು ಮದುವೆಯಾಗಿರುವುದರಿಂದ ಬೇರೆ ದಾರಿಯಿಲ್ಲ.

ನನ್ನದು ಚನ್ನಪಟ್ಟಣದಲ್ಲಿ ಹೈವೇ ಪಕ್ಕದ ಬ್ಯಾಟರಿ ಅಂಗಡಿ. ಲಾರಿ, ಟ್ರ್ಯಾಕ್ಟರ್, ಆಟೊ, ಮನೆಯ ಯುಪಿಎಸ್, ಯಾವುದಕ್ಕೆ ಕೇಳಿದರೂ ಬ್ಯಾಟರಿ ಕೊಡುತ್ತೇನೆ. ಆಸಿಡ್ ಬಿದ್ದು ತೂತಾದ ಪ್ಯಾಂಟಿನಲ್ಲೇ ನನ್ನ ಅರ್ಧ ಆಯುಸ್ಸು ಕಳೆದಿದೆ. ಭಾವನದು ಅಕ್ಕೂರಿನ ಹತ್ತಿರದ ಹಳ್ಳಿ. ಹಿಪ್ಪುನೇರಳೆ ತೋಟ, ಮನೆಯ ಹಿಂದೆಯೇ ರೇಷ್ಮೆ ನೂಲು ಬಿಚ್ಚುವ ಶೆಡ್ಡು. ಮದುವೆಯಾದ ವರ್ಷದಿಂದ ಅಕ್ಕ ಆ ಶೆಡ್ಡಿನಲ್ಲಿ, ಬೇಯುವ ಗೂಡಿನ ಹಬೆಯ ಮುಂದೆ ಕೂತಳು. ನಲವತ್ತು ದಾಟುವ ಹೊತ್ತಿಗೆ ಉಬ್ಬಸ ಹಿಡಿಯಿತು. ಒಂದೊಂದು ಸಲ ಎಷ್ಟು ಜೋರಾಗುತ್ತದೆಂದರೆ, ಬಾಯಿಗಿಟ್ಟು ಎಳೆಯುವ ಪಂಪು ಸಾಲದೆ, ಔಷಧಿಯನ್ನು ಮಂಜು ಮಾಡಿ ಕೊಡುವ ನೆಬುಲೈಸರ್ ಮೆಷಿನ್ನು ಹಾಕಿಕೊಂಡು, ಮೂಗುಬಾಯಿಗೆ ಮುಚ್ಚಳ ಒತ್ತಿಕೊಂಡು ಕೂರಬೇಕು. ಕರೆಂಟು ಹೋದರೆ ಭಾವನ ಮುಖ ಅವಳ ಮುಖಕ್ಕಿಂತ ಮೊದಲು ಕಪ್ಪಾಗುತ್ತಿತ್ತು.

ಶೆಡ್ಡಿನಿಂದ ದೂರ ಇರಲಿ, ಒಳ್ಳೆ ಗಾಳಿ ಕುಡಿಯಲಿ ಎಂದರು ಡಾಕ್ಟರು. ಬೇರೆ ಗಂಡಸಾಗಿದ್ದರೆ ಶೆಡ್ಡನ್ನು ಎತ್ತಿ ತೋಟದ ಆಚೆ ಕೊನೆಗೆ ಹಾಕುತ್ತಿದ್ದ. ನಮ್ಮ ಭಾವ ಅಕ್ಕನ ಬದಲು ಇಬ್ಬರು ಹೆಂಗಸರನ್ನು ಕೂಲಿಗೆ ಕೂರಿಸಿದರು. ಆಮೇಲೆ ದೋಣಿ ತಂದರು.

ಕನಕಪುರದ ಕಡೆ ತೋಟದ ಮನೆ ಕಟ್ಟಿಕೊಂಡಿದ್ದ ಬೆಂಗಳೂರಿನವನೊಬ್ಬ, ನಾಲ್ಕು ದಿನ ಆಡಿ ಬೇಜಾರಾಗಿ, ಹುಣಸೆಮರದ ಕೆಳಗೆ ಬೋರಲು ಹಾಕಿದ್ದ ದೋಣಿ ಅದು. ಅದರ ಹೊಟ್ಟೆಯ ಮೇಲೆ ಕೋಳಿಗಳು ಕೂರುತ್ತಿದ್ದವು. ಭಾವ ಅದನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹೇರಿಕೊಂಡು ಬಂದರು. ಇಗ್ಗಲೂರು ಹಿನ್ನೀರಿನ ದಡದಲ್ಲಿ ಇಳಿಸಿ, ಕಂಬ ನಿಲ್ಲಿಸಿ, ಹಾಯಿ ಕಟ್ಟಿದರು. ಹೇಗೆ ಕಟ್ಟಬೇಕೆಂದು ಮೊಬೈಲಿನಲ್ಲಿ ನೋಡಿ ಕಲಿತರಂತೆ. ಮೀನು ಹಿಡಿಯುವವರು ತಮ್ಮ ತೆಪ್ಪ ನಿಲ್ಲಿಸಿಕೊಂಡು ನೋಡಿದರು, ನಗಲಿಲ್ಲ. ಅವರ ಪರವಾಗಿಯೂ ನಾನೇ ನಕ್ಕೆ.

ಆಮೇಲೆ ಶುರುವಾಯಿತು ವೀಕೆಂಡು. ರೇಷ್ಮೆ ಹುಳಕ್ಕೆ ಭಾನುವಾರವಿಲ್ಲ, ಅದು ದಿನಾ ತಿನ್ನುತ್ತದೆ. ಹುಳ ಸಾಕಿ ತಲೆ ನೆರೆದ ಮನುಷ್ಯ ಶನಿವಾರ ಫೋನು ಮಾಡಿ, "ವೀಕೆಂಡ್ಗೆ ಓಯ್ತಾ ಇವ್ನಿ ಕಣ್ಲಾ, ನೀನೂ ಬಾ" ಎನ್ನುತ್ತಿದ್ದರು. ತಲೆಗೊಂದು ಅಗಲದ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಕೆಳಗೆ ಅದೇ ಪಟ್ಟೆ ನಿಕ್ಕರು. ನೋಡಿದರೆ ಮೈ ಉರಿಯುತ್ತಿತ್ತು.

ಅಕ್ಕನಿಗೆ ಮಾತ್ರ ಅಲ್ಲಿ ಹಾಯಾಗಿತ್ತು, ಅದನ್ನು ಒಪ್ಪಲೇಬೇಕು. ನೀರಿನ ಮೇಲೆ ಒಂದು ಹೊತ್ತು ಕೂತು ಬಂದರೆ ಮೂರು ದಿನ ಎದೆ ಸುಯ್‌ ಎನ್ನುವುದಿಲ್ಲ ಎನ್ನುತ್ತಿದ್ದಳು. ಅದು ಗಾಳಿಯ ಗುಣ, ಭಾವನ ಗುಣವಲ್ಲ, ದಡದ ಹೊಂಗೆಮರದ ಕೆಳಗೆ ಕೂತರೂ ಅಷ್ಟೇ ಆಗುತ್ತದೆ ಎಂದು ನಾನು ವಾದಿಸುತ್ತಿದ್ದೆ. ಅವಳು ಜಗಳವಾಡುತ್ತಿರಲಿಲ್ಲ. "ಇಲ್ಲಿ ಯಾರೂ ಕೆಲ್ಸಕ್ಕೆ ಕರೆಯಾಕಿಲ್ಲ ಕಣಪ್ಪ" ಎಂದಳು ಒಂದು ಸಲ.

ಬರೀ ಕೂತು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಭಾವನಿಗೆ ದೋಣಿಯಲ್ಲಿ ಸಂಸಾರ ಹೂಡಬೇಕಿತ್ತು. ಒಂದು ದಿನ ಅಂಗಡಿಗೆ ಬಂದು, ಗೂಡಿನ ಮಾರ್ಕೆಟ್ಟಿನ ಚೀಟಿಯ ಹಿಂದೆ ಬರೆದ ಪಟ್ಟಿಯನ್ನು ಟೇಬಲ್ಲಿನ ಮೇಲಿಟ್ಟರು. ಟೇಬಲ್ ಫ್ಯಾನು, ಮೊಬೈಲ್ ಚಾರ್ಜು, ಹಾಡಿನ ಡಬ್ಬ, ಮಿಕ್ಸಿ, ಅನ್ನದ ಕುಕ್ಕರು, ಕೊನೆಗೆ ನೆಬುಲೈಸರು. ಇಷ್ಟನ್ನೂ ದೋಣಿಯಲ್ಲಿ ಓಡಿಸಬೇಕು. ಇನ್ವರ್ಟರು ಆಗಲೇ ತಂದಿದ್ದರು, ಬ್ಯಾಟರಿ ನನ್ನಿಂದ ಬೇಕು. ಒಂದು ಸೋಲಾರ್ ಪ್ಲೇಟನ್ನೂ ಜೋಡಿಸಿದ್ದರು. ಎಲ್ಲಿ ಎಂದು ಕೇಳಿದೆ. ಕಂಬದ ಬುಡದಲ್ಲಂತೆ. ಹಾಯಿಯ ನೆರಳು ಸದಾ ಬೀಳುವ ಜಾಗದಲ್ಲಿ ಸೋಲಾರ್ ಪ್ಲೇಟು ಇಟ್ಟವರನ್ನು ನಾನು ಅದೇ ಮೊದಲು ನೋಡಿದ್ದು.

"ದೋಣೀಲಿ ಮಿಕ್ಸಿ ಯಾಕ್ ಭಾವ? ಮೀನಿಗೆ ಚಟ್ನಿ ಮಾಡ್ಕೊಡ್ತೀರಾ?"

"ನಿಮ್ಮಕ್ಕ ಒಂದಿನಾನಾದ್ರೂ ಕೂತ್ಕೊಂಡು ಉಣ್ಲಿ ಅಂತ ಕಣ್ಲಾ. ನಾನೇ ಮಾಡ್ತೀನಿ." ಆಮೇಲೆ ಪಟ್ಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಒಸಿ ಗಟ್ಟಿಯಾಗಿರೋದು ಕೊಡು. ಅವ್ಳ ಮಿಸಿನ್ನು ಅದ್ರಲ್ಲೇ ಓಡ್ಬೇಕು."

ಕೊನೆಯ ಸಾಲು ಕಾಣಲಿಲ್ಲ ಎಂದು ನಾನು ಈಗ ಬರೆಯಬಹುದು. ಆದರೆ ಕಂಡಿತ್ತು. ಅಕ್ಕನಿಗೆ ಆರು ತಿಂಗಳಿಂದ ಜೋರಾಗಿ ಬಂದಿರಲಿಲ್ಲ. ಮಿಕ್ಸಿ ಓಡಿಸುವ ಖಯಾಲಿಗೆ ಅವಳ ಹೆಸರು ಸೇರಿಸಿಕೊಂಡಿದ್ದಾರೆ ಎಂದುಕೊಂಡೆ.

ಬ್ಯಾಟರಿಯಲ್ಲಿ ಎರಡು ಜಾತಿ. ಲಾರಿಯದು ಗೂಳಿಯ ಹಾಗೆ ಒಂದೇ ಸಲ ಗುಮ್ಮಿ ಇಂಜಿನ್ ಎಬ್ಬಿಸಿ ಸುಮ್ಮನಾಗುತ್ತದೆ. ಯುಪಿಎಸ್‌ನದು ಉಳುವ ಎತ್ತು, ನಿಧಾನವಾಗಿ ಹೊತ್ತೆಲ್ಲ ಎಳೆಯುತ್ತದೆ. ದೋಣಿಗೆ ಬೇಕಾದ್ದು ಎತ್ತು ಎಂದು ನನಗೆ ಗೊತ್ತಿಲ್ಲದೆ ಇದ್ದರೆ ನಾನು ಅಂಗಡಿ ಮುಚ್ಚಬೇಕು. ನನ್ನ ಹಿಂದೆಯೇ ಅಂಥ ಹೊಸವು ಎರಡಿದ್ದವು. ನಾನು ಮೂಲೆಗೆ ಹೋಗಿ, ಎಕ್ಸ್‌ಚೇಂಜಿಗೆ ಬಂದಿದ್ದ ಹಳೇ ಲಾರಿ ಬ್ಯಾಟರಿಯನ್ನು ಎಳೆದೆ. ತೊಳೆದು, ನೀರು ತುಂಬಿಸಿ, ಚಾರ್ಜಿಗೆ ಹಾಕಿ, ಮಾರನೆಯ ದಿನ ಬರಲು ಹೇಳಿದೆ. ಈ ಮನುಷ್ಯನ ಆಟಕ್ಕೆ ಇದೇ ಜಾಸ್ತಿ ಎನ್ನಿಸಿತ್ತು. ದುಡ್ಡಿನ ಆಸೆಯಿಂದ ಮಾಡಿದ್ದಲ್ಲ, ಅದನ್ನು ಪುಕ್ಕಟೆ ಕೊಟ್ಟೆ. ತಿರಸ್ಕಾರದಿಂದ ಮಾಡಿದೆ.

ನಮ್ಮ ಕಡೆ ಗಿರಾಕಿಗಳಿಗೆ ಒಂದು ಚಟವಿದೆ. ಮೀಟರು ತೋರಿಸಿದರೆ ನಂಬುವುದಿಲ್ಲ, ಕಿಡಿ ತೋರಿಸಬೇಕು. ಬ್ಯಾಟರಿಯ ಎರಡು ತಲೆಗೂ ದಪ್ಪ ವೈರನ್ನು ಒಂದು ಕ್ಷಣ ಸವರಿದರೆ ಚಟ್ ಎಂದು ಕಿಡಿ ಹಾರುತ್ತದೆ. ಕಿಡಿ ದೊಡ್ಡದಾದಷ್ಟೂ ಮಾಲು ಒಳ್ಳೆಯದು ಎಂದು ತಲೆಯಾಡಿಸಿಕೊಂಡು ಹೊತ್ತೊಯ್ಯುತ್ತಾರೆ. ಸಾಯುವ ಬ್ಯಾಟರಿಯೂ ಚಾರ್ಜಾದ ಹೊಸದರಲ್ಲಿ ಕಿಡಿ ಹಾರಿಸುತ್ತದೆ. ಎಷ್ಟು ಹೊತ್ತು ಎಳೆಯುತ್ತದೆ ಎಂಬುದನ್ನು ಕಿಡಿ ಹೇಳುವುದಿಲ್ಲ. ಇದನ್ನು ಗಿರಾಕಿಗೆ ಬಿಡಿಸಿ ಹೇಳುವ ಬ್ಯಾಟರಿ ಅಂಗಡಿಯವನು ಹೈವೇಯಲ್ಲಿ ಯಾರೂ ಇಲ್ಲ, ನಾನೂ ಹೇಳುವುದಿಲ್ಲ.

ಭಾವನಿಗೆ ಸವರಿ ತೋರಿಸಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು, "ಅಬ್ಬಾ, ಏನ್ ಕಿಡೀಲಾ ಇದು" ಎಂದು ಹಿಗ್ಗಿಹೋದರು.

ಮುಂದಿನ ಭಾನುವಾರ ನಾನೂ ಹೋದೆ. ಪ್ರೀತಿಯಿಂದಲ್ಲ, ತಮಾಷೆ ನೋಡಲು. ಬೆಳಗಿನ ಗಾಳಿ ಚೆನ್ನಾಗಿತ್ತು, ಹಾಯಿ ಉಬ್ಬಿ ನಮ್ಮನ್ನು ಹಿನ್ನೀರಿನ ನಡುವಿಗೆ ಒಯ್ಯಿತು. ಅಕ್ಕ ಮುಂದೆ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಭಾವ ನಡುವೆ, ಸುತ್ತ ವೈರು. ಹುಟ್ಟುಗಳೆಲ್ಲಿ ಎಂದರೆ, ಕುಕ್ಕರು ಇಡಲು ಹಾಕಿದ್ದ ಹಲಗೆಗೆ ಅಡ್ಡ ಬರುತ್ತವೆಂದು ದಡದಲ್ಲೇ ಬಿಟ್ಟಿದ್ದರು. ಹುಟ್ಟು ಬಿಟ್ಟು ಅನ್ನದ ಕುಕ್ಕರು ತಂದ ನಾವಿಕ.

ಫ್ಯಾನು ತಿರುಗಿತು. ಸುತ್ತಲೂ ಗಾಳಿ ಬೀಸುತ್ತಿರುವಾಗ ಫ್ಯಾನು. ಹಾಡಿನ ಡಬ್ಬ ಕಿರುಚಿತು. ಮಿಕ್ಸಿಯಲ್ಲಿ ಕಡಲೆ, ಕಾಯಿ, ಮೆಣಸಿನಕಾಯಿ ಹಾಕಿ ಭಾವ ಗುಂಡಿ ತಿರುಗಿಸಿದರು. ಆ ಸದ್ದಿಗೆ ನೀರಕೋಳಿಗಳೆಲ್ಲ ಎದ್ದುಹೋದವು. ನನಗೆ ತಡೆಯಲಾಗಲಿಲ್ಲ.

"ಕುಕ್ಕರೂ ಹಾಕಿ ಭಾವ. ಇಷ್ಟೇನಾ ನಿಮ್ ತಾಕತ್ತು?"

"ಸಾಕು ಬುಡು, ಬ್ಯಾಟ್ರಿ ಒಸಿ ಉಳೀಲಿ."

"ಲಾರಿ ಎಬ್ಬಿಸೋ ಬ್ಯಾಟರಿ ಅದು. ನಿಮ್ ಕುಕ್ಕರಿಗೆ ಹೆದರತ್ತಾ?"

ನಾನು ಕೊಟ್ಟ ಬ್ಯಾಟರಿಯ ಮಾನ ಉಳಿಸಲೆಂಬಂತೆ ಅವರು ಕುಕ್ಕರು ಹಾಕಿದರು. ಅನ್ನ ಅರ್ಧ ಕುದಿಯುವ ಹೊತ್ತಿಗೆ ಇನ್ವರ್ಟರು ಕೀ ಕೀ ಎಂದು ಕೂಗಿ ನಿಂತಿತು. ಫ್ಯಾನೂ ನಿಂತಿತು, ಹಾಡೂ ನಿಂತಿತು. ಭಾವ ಗುಂಡಿಗಳನ್ನು ಒತ್ತಿ ನೋಡುತ್ತಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕನೂ ನಕ್ಕಳು. ಅರೆಬೆಂದ ಅಕ್ಕಿಯ ಜೊತೆ ಚಟ್ನಿಯನ್ನು ಬೆರಳಲ್ಲಿ ನೆಕ್ಕಿ, ಚೆನ್ನಾಗಿದೆ ಎಂದಳು.

ಮಧ್ಯಾಹ್ನಕ್ಕೆ ಗಾಳಿ ಬಿತ್ತು. ಹಾಯಿ ಒಗೆದು ಒಣಹಾಕಿದ ಪಂಚೆಯ ಹಾಗೆ ಜೋತುಬಿತ್ತು. ಅದೇ ಹೊತ್ತಿಗೆ ಆಚೆ ದಡದಲ್ಲಿ ಯಾರೋ ಕಬ್ಬಿನ ತರಗಿಗೆ ಬೆಂಕಿ ಹಾಕಿದರು. ಹೊಗೆ ಮೇಲಕ್ಕೆ ಏಳದೆ, ನೀರಿನ ಮೇಲೆಯೇ ಹರಡಿಕೊಂಡು ನಮ್ಮ ಕಡೆ ಬಂತು.

ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಕೆಮ್ಮಿದಳು. ಪಂಪು ಎಳೆದಳು, ಮತ್ತೆ ಎಳೆದಳು. ಭುಜ ಎರಡೂ ಕಿವಿಯ ಹತ್ತಿರಕ್ಕೆ ಏರಿ ನಿಂತವು. ಭಾವ ಸೀಟಿನ ಕೆಳಗಿನಿಂದ ಬಿಸ್ಕತ್ತಿನ ಡಬ್ಬ ಎಳೆದು ನೆಬುಲೈಸರು ತೆಗೆದರು, ಔಷಧಿಯ ಕೊಳವೆ ಮುರಿದು ಸುರಿದರು, ಪಿನ್ನನ್ನು ಇನ್ವರ್ಟರಿಗೆ ಚುಚ್ಚಿದರು. ಆ ಕೆಲಸದಲ್ಲಿ ಅವರ ಕೈ ಒಂದು ಸಲವೂ ತಡವರಿಸಲಿಲ್ಲ. ಮೆಷಿನ್ನು ಗುರ್ ಎಂದಿತು. ಇನ್ವರ್ಟರು ಕೀ ಕೀ ಎಂದಿತು. ಎರಡೂ ನಿಂತವು.

ಮತ್ತೆ ಹಾಕಿದರು, ಮತ್ತೆ ನಿಂತಿತು. ಭಾವ ನನ್ನ ಮುಖ ನೋಡಿದರು. ಬೈಯುವವರ ನೋಟವಲ್ಲ ಅದು, ಮೆಕ್ಯಾನಿಕ್ಕನ್ನು ನೋಡುವ ನೋಟ. "ಏನಾರ ಮಾಡ್ಲಾ" ಎಂದರು.

ಮಾಡಲು ಏನೂ ಇರಲಿಲ್ಲ. ಸತ್ತ ಬ್ಯಾಟರಿಗೆ ನಾನು ಏನು ಮಾಡಲಿ? ಕುಕ್ಕರಿನ ಹಲಗೆಯನ್ನು ಕಿತ್ತು ಹುಟ್ಟಿನ ಹಾಗೆ ಹಿಡಿದು ನಾನು ಒಂದು ಕಡೆ ನೀರು ತಳ್ಳಿದೆ. ಭಾವ ಆ ಅಗಲದ ಟೋಪಿಯನ್ನು ಎಸೆದು, ಸೋಲಾರ್ ಪ್ಲೇಟನ್ನು ಕಿತ್ತು ಇನ್ನೊಂದು ಕಡೆ ತಳ್ಳಿದರು. ಈಜು ಬಾರದ ಮನುಷ್ಯ ಅರ್ಧ ಮೈ ಹೊರಗೆ ಹಾಕಿ ತಳ್ಳುತ್ತಿದ್ದರು. ನನ್ನ ಬೆನ್ನ ಹಿಂದೆ ಅಕ್ಕನ ಉಸಿರು ಸಣ್ಣ ಸಿಳ್ಳೆಯಾಗಿ ಕೇಳುತ್ತಿತ್ತು. ಆಮೇಲೆ ಸಿಳ್ಳೆಯೂ ಕಡಿಮೆಯಾಯಿತು. ಅದು ಒಳ್ಳೆಯ ಲಕ್ಷಣವಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು, ಯಾರೂ ತಿರುಗಿ ನೋಡಲಿಲ್ಲ. ನನಗೆ ಅಷ್ಟು ಭಯ ಎಂದೂ ಆಗಿರಲಿಲ್ಲ.

ತೆಪ್ಪದವನೊಬ್ಬ ನಮ್ಮ ಗತಿ ಕಂಡು ಬಂದು, ಹಗ್ಗ ಕಟ್ಟಿ ದಡಕ್ಕೆ ಎಳೆದ. ದಡದಲ್ಲಿ ನನ್ನ ಅಂಗಡಿಯ ಗೂಡ್ಸ್ ಗಾಡಿ ನಿಂತಿತ್ತು. ಇನ್ವರ್ಟರು ಬಿಚ್ಚಿಕೊಂಡು ಓಡಿ, ಗಾಡಿಯ ಬ್ಯಾಟರಿಗೆ ಸಿಕ್ಕಿಸಿ, ಇಂಜಿನ್ ಚಾಲೂ ಮಾಡಿದೆ. ಮೆಷಿನ್ನು ಗುರ್ ಎಂದಿತು, ನಿಲ್ಲಲಿಲ್ಲ. ಭಾವ ಅಕ್ಕನ ಬೆನ್ನಿಗೆ ಒರಗು ಕೊಟ್ಟು ನೆಲದ ಮೇಲೆ ಕೂತು, ಮುಚ್ಚಳವನ್ನು ಅವಳ ಮುಖಕ್ಕೆ ಹಿಡಿದಿದ್ದರು. ಬಹಳ ಹೊತ್ತಿನ ಮೇಲೆ ಅವಳ ಭುಜ ಕೆಳಗಿಳಿಯಿತು. ಅಲ್ಲಿಂದ ನೇರ ಚನ್ನಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡು ದಿನ ಇಟ್ಟುಕೊಂಡು ಕಳಿಸಿದರು.

ಅವಳು ಮನೆಗೆ ಹೋದ ಮಾರನೆಯ ದಿನ ಭಾವ ಅಂಗಡಿಗೆ ಬಂದರು. ಟೋಪಿಯಿಲ್ಲ, ಕನ್ನಡಕವಿಲ್ಲ. ಆ ಹಳೇ ಬ್ಯಾಟರಿಯನ್ನು ತಾವೇ ಹೊತ್ತು ತಂದು, ಕೂಸನ್ನು ಇಳಿಸುವ ಹಾಗೆ ಮೆಲ್ಲಗೆ ಕೆಳಗಿಟ್ಟರು. ಏನು ಹೇಳುತ್ತಾರೋ ಎಂದು ನಾನು ಕೈಯಲ್ಲಿದ್ದ ಸ್ಪಾನರನ್ನು ಒರೆಸುತ್ತಾ ನಿಂತೆ. ಬೈದರೆ ಸಾಕಿತ್ತು.

"ನಾನೇ ಕೆಡಿಸ್ಬುಟ್ಟೆ ಕಣ್ಲಾ" ಎಂದರು. "ಅಂಥಾ ಕಿಡಿ ಇದ್ದ ಬ್ಯಾಟ್ರೀನ ಚಟ್ನಿ ಆಸೆಗೆ ಹಾಳ್ ಮಾಡ್ಬುಟ್ಟೆ. ಮಿಕ್ಸಿ, ಕುಕ್ಕರು, ಫ್ಯಾನು ಎಲ್ಲಾ ಇಳಿಸ್ಬುಟ್ಟಿವ್ನಿ. ಅವ್ಳ ಮಿಸಿನ್ನು ಒಂದೇ ಇಟ್ಕತೀನಿ. ನೀನು ಬೇಜಾರ್ ಮಾಡ್ಕಬ್ಯಾಡ."

ಆಗ ಹೇಳಬೇಕಿತ್ತು. ಬಾಯಿ ತೆರೆದೆ.

"ಇನ್ಮೇಲಾದ್ರೂ ಒಸಿ ಹುಷಾರಾಗಿರಿ ಭಾವ" ಎಂದೆ.

ಇಷ್ಟು ವರ್ಷ ಎಷ್ಟೋ ಜನರನ್ನು ನೋಡಿ ಮೂಗು ಮುರಿದಿದ್ದೇನೆ. ಆ ಮಾತು ಆಡಿದವನಷ್ಟು ಕೀಳು ಮನುಷ್ಯ ನನ್ನ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಭಾವ ಇದನ್ನು ಓದುವುದಿಲ್ಲ, ಪೇಪರಿನಲ್ಲಿ ಅವರು ನೋಡುವುದು ಗೂಡಿನ ರೇಟು ಮಾತ್ರ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ, ಅದೂ ಒಂದು ಹೇಡಿತನ.

ಹಿಂದಿದ್ದ ಹೊಸ ಯುಪಿಎಸ್ ಬ್ಯಾಟರಿಯನ್ನು ತೆಗೆದು ಅವರ ಮುಂದಿಟ್ಟೆ. ಮೀಟರು ಹಚ್ಚಿ, ಎಷ್ಟು ಗಂಟೆ ಎಳೆಯುತ್ತದೆ ಎಂದು ವಿವರಿಸತೊಡಗಿದೆ. ಅವರು ಮೀಟರಿನ ಕಡೆ ನೋಡಲೇ ಇಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ದಪ್ಪ ವೈರನ್ನು ತಾವೇ ತೆಗೆದು ನನ್ನ ಕೈಗೆ ಕೊಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

"ಕಿಡಿ ತೋರ್ಸು" ಎಂದರು. "ನೀನ್ ತೋರಿಸ್ಬುಟ್ರೆ ನಂಗೆ ಧೈರ್ಯ."