ಸದ್ದಿಲ್ಲದ ಉಸಿರು

ಉತ್ತರ ಚೀನಾದ ನಮ್ಮ ದಾತೊಂಗ್‌ನ ಕಲ್ಲಿದ್ದಲು ಕಾಲೋನಿಯಲ್ಲಿ ಗಂಡಸರು ನಿವೃತ್ತರಾಗುವುದಿಲ್ಲ. ಅಗೆಯುವ ಕೆಲಸ ಬಿಟ್ಟು ಕೆಮ್ಮುವ ಕೆಲಸಕ್ಕೆ ಸೇರುತ್ತಾರೆ, ಅಷ್ಟೇ. ಯೂಲಿಯೆನ್ ಅಕ್ಕನ ಗಂಡ ಫೂಶಾನ್ ಆ ಕೆಲಸದಲ್ಲಿ ಎಲ್ಲರಿಗಿಂತ ಹಿರಿಯ. ಬಂಡೆ ಕೊರೆದು ಕೊರೆದು ಅವನ ಎದೆಯೊಳಗೆ ಕಲ್ಲಿನ ಪುಡಿ ಕೂತಿತ್ತು. ಕೂತದ್ದು ಹೊರಗೆ ಬರುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಅಕ್ಕ ಕೇಳಬೇಕಲ್ಲ! ಗಣಿಯ ಬಾಗಿಲಲ್ಲಿ ದೀಪ ಕೊಡುವ ಕೆಲಸದಲ್ಲಿದ್ದವಳು ಅವಳು. ಇಳಿದವರ ದೀಪವೆಲ್ಲ ವಾಪಸು ಬರುವವರೆಗೆ ಮನೆಗೆ ಹೋದವಳೇ ಅಲ್ಲ. ಗಂಡನನ್ನು ಇನ್ನಷ್ಟು ಕಾಲ ಉಳಿಸಿಕೊಳ್ಳಬೇಕೆಂದು ಹಟಕ್ಕೆ ಬಿದ್ದು, ಅಪ್ಪನಿಂದ ಕಲಿತಿದ್ದ ಆರು ಸದ್ದಿನ ಚೀಗೊಂಗ್ ಎಂಬ ಉಸಿರಿನ ಸಾಧನೆ ಶುರುಮಾಡಿದಳು. ಸಾವಿರದೈನೂರು ವರ್ಷಗಳ ಹಿಂದೆ ಬೆಟ್ಟ ಸೇರಿದ್ದ ವೈದ್ಯನೊಬ್ಬ ಬರೆದಿಟ್ಟ ವಿದ್ಯೆ ಅದು ಎನ್ನುತ್ತಾರೆ. ಮೈಯೊಳಗಿನ ಒಂದೊಂದು ಭಾಗಕ್ಕೆ ಒಂದೊಂದು ಸದ್ದು. ಆ ಸದ್ದಿನೊಡನೆ ಉಸಿರನ್ನು ನಿಧಾನವಾಗಿ ಹೊರಗೆ ಬಿಡಬೇಕು. ಶ್ವಾಸಕೋಶದ್ದು ‘ಸ್ಸ್ಸ್’.

ಗಣಿಯ ಸ್ನಾನದ ಮನೆಯ ಗೋಡೆಯ ಪಕ್ಕ ಬೆಳಿಗ್ಗೆ ನಾವೆಲ್ಲ ಸಾಲಾಗಿ ನಿಲ್ಲುತ್ತಿದ್ದೆವು. ಅಕ್ಕ ನಮಗೆ ಬೆನ್ನು ಮಾಡಿ ಮುಂದೆ. ನಿಲ್ಲಲಾರದ ಫೂಶಾನ್ ಎಲ್ಲರ ಹಿಂದೆ, ಮಡಚುವ ಸ್ಟೂಲಿನ ಮೇಲೆ.

“ಇಷ್ಟು ವರ್ಷದ ಕಲ್ಲುಪುಡಿ ನಿನ್ನ ಬುಸುಬುಸುಗೆ ಆಚೆ ಬರತ್ತೇನೇ?” ಎಂದು ಅವನು ಕಿಚಾಯಿಸುತ್ತಿದ್ದ.

“ಬರಲ್ಲ. ನಿದ್ದೆಯಾದ್ರೂ ಬರತ್ತೆ. ಬಾಯ್ಮುಚ್ಕೊಂಡು ಹೇಳಿದ್ದು ಮಾಡು, ಮುದುಕಪ್ಪ.”

“ಬಾಯ್ಮುಚ್ಕೊಂಡು ‘ಸ್ಸ್ಸ್’ ಅನ್ನೋದು ಹೆಂಗೇ? ಅದನ್ನೂ ಹೇಳ್ಕೊಡು!”

ನಗುವುದಕ್ಕೂ ಅವನಿಗೆ ಉಸಿರು ಸಾಲುತ್ತಿರಲಿಲ್ಲ, ಪಾಪ. ಆದರೆ ನಿದ್ದೆ ಬಂದದ್ದು ನಿಜ. ದಿಂಬುಗಳಿಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದವನು ಆ ಚಳಿಗಾಲ ಅಂಗಾತ ಮಲಗಿದ. ನವಣೆ ಗಂಜಿಗೆ ಮತ್ತೆ ಬಟ್ಟಲು ಚಾಚಿದ. ಅಕ್ಕನ ಮುಖಕ್ಕೆ ಕಳೆ ಬಂತು.

ಈ ವಿದ್ಯೆಯಲ್ಲಿ ಹೊಸಬರು ಸದ್ದು ಮಾಡುತ್ತಾರೆ; ಪಳಗಿದವರ ಉಸಿರು ಅವರ ಕಿವಿಗೂ ಕೇಳಿಸಬಾರದು. ಫೂಶಾನನದ್ದೋ, ತೂತುಬಿದ್ದ ತಿದಿಯ ಸದ್ದು. “ಪಕ್ಕದ ಬೀದಿಗೆ ಕೇಳ್ತಿದೆ, ಮೆಲ್ಲಗೆ!” ಎಂದು ಅಕ್ಕ ಕೂಗದ ದಿನವಿರಲಿಲ್ಲ. ಇನ್ನೊಂದು ನಿಯಮವೂ ಇದೆ. ಕಣ್ಣು ಮುಚ್ಚಿ ನಿಂತ ಮೇಲೆ ಕೊನೆಗೆ ಅಂಗೈಗಳನ್ನು ಹೊಟ್ಟೆಯ ಮೇಲಿಟ್ಟು ಮುಗಿಸುವ ತನಕ ಯಾರೂ ಕದಲಬಾರದು, ಕದಲಿದರೆ ಕೂಡಿಟ್ಟ ಉಸಿರು ಚೆಲ್ಲಿಹೋಗುತ್ತದೆ.

ಮರುವರ್ಷ ಮೊದಲ ಇಬ್ಬನಿ ಹೆಪ್ಪುಗಟ್ಟಿದ ಬೆಳಿಗ್ಗೆ ಅದು. ಶ್ವಾಸಕೋಶದ ಸದ್ದಿಗೆ ಬಂದಿದ್ದೆವು. ಹಿಂದಿನಿಂದ ಅವನ ‘ಸ್ಸ್ಸ್’ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಕೇಳಿಸದಾಯಿತು.

“ಅಬ್ಬಾ, ಕೇಳುದ್ರಾ?” ಅಕ್ಕ ತಿರುಗದೆಯೇ ಅಂದಳು. ಅವಳ ದನಿ ನಡುಗುತ್ತಿತ್ತು, ಸಂತೋಷಕ್ಕೆ. “ನಮ್ಮ ಮುದುಕಂಗೆ ಕೊನೆಗೂ ಬಂತು ನೋಡ್ರಿ! ಎಲ್ಲರೂ ಹಂಗೇ ಉಸಿರು ಬಿಡಿ.”

ಅವನನ್ನು ಅವಳು ಹೊಗಳಿದ್ದು ಅದೇ ಮೊದಲು. ಉಳಿದ ಸದ್ದುಗಳನ್ನೂ ಮುಗಿಸಿದೆವು. ಅಂಗೈಗಳನ್ನು ಹೊಟ್ಟೆಯ ಮೇಲಿಟ್ಟು, ಆತುರಪಡದೆ ಕಣ್ಣು ತೆರೆದೆವು. ಫೂಶಾನ್ ಗೋಡೆಗೊರಗಿ ಕೂತಿದ್ದ, ಗದ್ದ ಎದೆಗೆ ತಾಗಿತ್ತು. ಅಕ್ಕ ನಗುತ್ತಲೇ ಅವನ ಹತ್ತಿರ ಹೋದಳು. ಅಯ್ಯೋ, ಆ ನಗುವನ್ನು ನಾನು ನೋಡಬಾರದಿತ್ತು.

ಸದ್ದು ನಿಂತ ಕೂಡಲೇ ನಾವು ಓಡಿಹೋಗಿದ್ದರೂ ಅವನು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. “ನಾನು ಶಹಭಾಸ್ ಅಂದೆ ಕಣೇ,” ಎಂದಷ್ಟೇ ಅಕ್ಕ ನನಗೆ ಹೇಳಿದಳು.

ಅವಳು ಈಗಲೂ ಬರುತ್ತಾಳೆ. ಈಗ ನಮ್ಮ ಕಡೆಗೇ ಮುಖ ಮಾಡಿ, ಕಣ್ಣು ಬಿಟ್ಟುಕೊಂಡು ನಿಲ್ಲುತ್ತಾಳೆ. ಮೊನ್ನೆ, ಇಷ್ಟು ವರ್ಷಗಳ ಮೇಲೆ, ನನ್ನ ಉಸಿರು ತಾನಾಗಿಯೇ ಸದ್ದು ಕಳೆದುಕೊಂಡಿತು. ಒಳಗೆಲ್ಲ ಹಗುರಾಯಿತು. ಯಾರೋ ನನ್ನ ಭುಜ ಹಿಡಿದು ಜೋರಾಗಿ ಅಲುಗಾಡಿಸಿದರು. ಕಣ್ಣು ಬಿಟ್ಟರೆ ಅಕ್ಕ, ಮುಖ ಬಿಳಿಚಿಕೊಂಡಿತ್ತು.

“ಕೇಳಿಸ್ತಿಲ್ಲ ಕಣೇ,” ಅಂದಳು. “ಸದ್ದು ಮಾಡು.”

ನಿನ್ನೆ ಮೊನ್ನೆ ಕಲಿತವಳ ಹಾಗೆ ನಾನು ‘ಸ್ಸ್ಸ್’ ಎಂದು ಜೋರಾಗಿ ಉಸಿರುಬಿಟ್ಟೆ. ಅವಳು ಕೈ ಬಿಡುವವರೆಗೂ ಬಿಡುತ್ತಲೇ ಇದ್ದೆ.